ಎರಡು ಡಿಸ್ಕ್ ಕೆಂಪು ತೋರಿಸಿದರೂ ಫೋಟೋ ಸಿಗಬಹುದು

ಸರ್, ಮೊದಲು ನಾಸ್ (ನೆಟ್‌ವರ್ಕಿಗೆ ಹಾಕಿರುವ ಡಿಸ್ಕ್ ಪೆಟ್ಟಿಗೆ) ಆಫ್ ಮಾಡಿ. ವಿರಾಜಪೇಟೆಯ ನಿಮ್ಮ ಸ್ಟುಡಿಯೋದಲ್ಲಿ ಸಿಡಿಲಿಗೆ ಕರೆಂಟ್ ಹೋಗಿ ಬಂದ ಮೇಲೆ ರೇಡ್ 5ರ (ಡೇಟಾವನ್ನು ಹಲವು ಡಿಸ್ಕಿಗೆ ಹಂಚಿ ಇಡುವ ವಿಧಾನ) ನಾಲ್ಕರಲ್ಲಿ ಎರಡು ಡಿಸ್ಕ್ ಕೆಂಪು ತೋರಿಸುತ್ತಿವೆ, 'ಇನಿಶಿಯಲೈಸ್' (ಎಲ್ಲ ಹೊಸದಾಗಿ ಶುರು ಮಾಡು) ಕೇಳುತ್ತಿದೆ ಎಂದಿದ್ದೀರಿ. ದಯವಿಟ್ಟು ಅದನ್ನು ಒತ್ತಬೇಡಿ. ಜನರ ಮದುವೆ ಫೋಟೋ ಮತ್ತೆ ತೆಗೆಯೋಕೆ ಆಗಲ್ಲ, ಅಲ್ವಾ?

ರೇಡ್ 5 ಒಂದು ಡಿಸ್ಕ್ ಹೋದರಷ್ಟೇ ತಡೆದುಕೊಳ್ಳುತ್ತದೆ, ನಿಜ. ಆದರೆ ಕರೆಂಟ್ ಏರುಪೇರಾದಾಗ ಹೊರಬಿದ್ದ ಡಿಸ್ಕ್ ಕೆಟ್ಟೇ ಹೋಗಿದೆ ಎಂದೇನಿಲ್ಲ.

ಪ್ರತಿ ಡಿಸ್ಕಿನ ಮೇಲೆ ಸ್ಲಾಟ್ ನಂಬರ್ ಬರೆದು ಹೊರತೆಗೆಯಿರಿ. ಲಿನಕ್ಸ್ ಕಂಪ್ಯೂಟರಿಗೆ ಹಾಕಿದಾಗ 'ಕಟ್ ಕಟ್' ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ, ಬೆಂಗಳೂರಿನ ರಿಕವರಿ ಲ್ಯಾಬಿಗೆ ಕೊಡಿ. ಸದ್ದಿಲ್ಲದಿದ್ದರೆ ಡಿಡಿರೆಸ್ಕ್ಯೂ ಅನ್ನೋ ಡಿಸ್ಕ್ ಕಾಪಿ ಪ್ರೋಗ್ರಾಂನಲ್ಲಿ ಒಂದೊಂದನ್ನೂ ಬೇರೆ ಖಾಲಿ ಡಿಸ್ಕಿಗೆ ಪೂರ್ತಿ ಕಾಪಿ ಮಾಡಿ. ಎಲ್ಲಿವರೆಗೆ ಕಾಪಿ ಆಯ್ತು ಅಂತ ಬರೆದಿಡುವ ಅದರ ಮ್ಯಾಪ್ ಫೈಲ್ ಇಟ್ಟುಕೊಳ್ಳಿ. ನಮ್ಮ ಕೊಡಗಿನ ಮಳೆಗಾಲದ ಕರೆಂಟ್ ಗೊತ್ತಲ್ಲ, ಹೋದರೂ ಕಾಪಿ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಉಳಿದ ಕೆಲಸವೆಲ್ಲ ಕಾಪಿ ಮೇಲೆ ಮಾತ್ರ. ಸಿನಾಲಜಿ, ಕ್ಯೂನ್ಯಾಪ್‌ನ ಹೆಚ್ಚಿನ ನಾಸ್ ಒಳಗೆ ಇರುವುದು ಲಿನಕ್ಸ್ ರೇಡೇ, ಅದನ್ನು ನಿಭಾಯಿಸುವ ಲಿನಕ್ಸ್ ಕಮಾಂಡ್ ಎಂಡಿಆಡಮ್. ಎಂಡಿಆಡಮ್‌ನಲ್ಲಿ 'ಎಕ್ಸಾಮಿನ್' ಕೊಟ್ಟರೆ ಪ್ರತಿ ಡಿಸ್ಕಿಗೂ 'ಈವೆಂಟ್ಸ್' ಅಂತ ಒಂದು ಸಂಖ್ಯೆ (ರೇಡ್ ಸ್ಥಿತಿ ಬದಲಾದಂತೆ ಏರುವಂಥದ್ದು) ಬರುತ್ತದೆ. ಒಂದರದ್ದು ಮಾತ್ರ ತುಂಬಾ ಹಿಂದಿದ್ದರೆ ಅದು ಮೊದಲೇ ಹೊರಬಿದ್ದದ್ದು, ಅದರ ಡೇಟಾ ಹಳೆಯದು. ಅದನ್ನು ಬದಿಗಿಡಿ. ಉಳಿದ ಮೂರಕ್ಕೆ 'ಅಸೆಂಬಲ್' (ಒಟ್ಟುಗೂಡಿಸು), ಜೊತೆಗೆ 'ಫೋರ್ಸ್' (ಒತ್ತಾಯದಿಂದ) ಕೊಟ್ಟು ರೀಡ್ ಓನ್ಲಿಯಲ್ಲಿ, ಅಂದರೆ ಏನೂ ಬರೆಯದೆ ಓದಲು ಮಾತ್ರ, ತೆರೆಯಿರಿ. ಯೂಟ್ಯೂಬ್ ನೋಡಿ ಸುಮ್ನೆ 'ಕ್ರಿಯೇಟ್' ಕೊಡಬೇಡಿ. ಅದು ಡಿಸ್ಕಿನಲ್ಲಿರುವ ರೇಡ್ ಮಾಹಿತಿಯನ್ನೇ ಅಳಿಸಿ ಹೊಸದು ಬರೆಯುತ್ತದೆ.

ನಾಲ್ಕೂ ಡಿಸ್ಕಿನ 'ಎಕ್ಸಾಮಿನ್' ಮಾಹಿತಿ ಹಾಕಿ, ಯಾವುದನ್ನು ಬಿಡಬೇಕು ಅಂತ ನೋಡಿ ಹೇಳುತ್ತೇನೆ.