ಹಾಡುವ ಮಗಳು ಬಣ್ಣ ಹಚ್ಚಬಹುದೇ?

ಪ್ರಶ್ನೆ: ಅಕ್ಕನವರಿಗೆ ನಮಸ್ಕಾರ. ನನ್ನ ಮಗಳು ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದಾಳೆ, ವಚನಗಳನ್ನು ಚೆನ್ನಾಗಿ ಹಾಡುತ್ತಾಳೆ. ಊರಿನ ಹವ್ಯಾಸಿ ತಂಡದವರು ನಾಟಕದಲ್ಲಿ ಪಾತ್ರ ಕೊಡುತ್ತೇವೆ ಎಂದಿದ್ದಾರೆ. ಬಣ್ಣ ಹಚ್ಚಿದರೆ ಕಂಠ ಕೆಡುತ್ತದೆ ಎಂದು ಅವಳ ಅಜ್ಜಿ ಒಪ್ಪುತ್ತಿಲ್ಲ. ಹಳೆಯ ಹಿಂದಿ ಚಿತ್ರಗಳ ಗಾಯಕಿ-ನಟಿ ಅಮೀರಬಾಯಿ ಕರ್ನಾಟಕಿಯವರು ಹಾಡಿನಿಂದಲೇ ನಟನೆಗೆ ಬಂದವರಲ್ಲವೇ?
— ಓದುಗ ತಾಯಿ, ಶಹಾಪುರ

ಉತ್ತರ: ಕಳುಹಿಸು ತಂಗಿ, ಅವಶ್ಯವಾಗಿ ಕಳುಹಿಸು.

ಅಮೀರಬಾಯಿ ಬೀಳಗಿಯವರು; ಆಗ ಅದು ವಿಜಾಪುರ ಜಿಲ್ಲೆ, ಈಗ ಬಾಗಲಕೋಟೆ. ಮಾತಿನ ಚಿತ್ರಗಳ ಮೊದಲ ವರ್ಷಗಳಲ್ಲಿ ನಟಿಗೆ ಹಾಡು ಬರಲೇಬೇಕಿತ್ತು. ಕ್ಯಾಮೆರಾದ ಎದುರು ನಿಂತವರೇ ಹಾಡಬೇಕು, ಧ್ವನಿಯೂ ಆಗಲೇ ಮುದ್ರಣವಾಗಬೇಕು. ವಾದ್ಯದವರು ಚಿತ್ರದಲ್ಲಿ ಕಾಣದಂತೆ ಮರೆಯಲ್ಲಿ ಕುಳಿತು ನುಡಿಸುತ್ತಿದ್ದರು. 1935ರಲ್ಲಿ ಕಲ್ಕತ್ತಾದ ನ್ಯೂ ಥಿಯೇಟರ್ಸ್ ‘ಧೂಪ್ ಛಾಂವ್’ ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ತಂದ ಮೇಲೆ ಮುಖ ಒಬ್ಬರದು, ಕಂಠ ಇನ್ನೊಬ್ಬರದು ಆಗತೊಡಗಿತು. ಅಮೀರಬಾಯಿ ಎರಡೂ ಕಾಲಗಳಲ್ಲಿ ನಿಂತರು. ‘ನರಸೀ ಭಗತ್’ನಲ್ಲಿ ನಟಿಸಿ ಹಾಡಿದರು. 1943ರ ‘ಕಿಸ್ಮತ್’ನಲ್ಲಿ ಕಾಣುವವರು ಮುಮ್ತಾಜ್ ಶಾಂತಿ, ಕೇಳಿಸುವ ದನಿ ಇವರದು. ಆ ಚಿತ್ರ ಕಲ್ಕತ್ತಾದ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. ಮರುವರ್ಷ ನೌಶಾದರ ಸಂಗೀತದ ‘ರತನ್’ನಲ್ಲೂ ಹಾಡಿದರು. ಆ ಹಾಡುಗಳನ್ನು ಕೇಳು: ಯಾವ ಪದದ ಮುಂದೆ ಉಸಿರು ತಡೆಯಬೇಕು, ಎಲ್ಲಿ ದನಿ ಸ್ವಲ್ಪ ಕುಗ್ಗಬೇಕು ಎಂಬ ಅಂದಾಜು ಪಾತ್ರ ಮಾಡಿ ಬಲ್ಲವಳದು. ನಟನೆ ಅವರ ಹಾಡಿನಿಂದ ಏನನ್ನೂ ಕಸಿಯಲಿಲ್ಲ, ಕೊಟ್ಟಿತು ಎಂದೇ ನಾನು ನಂಬಿದ್ದೇನೆ.

ಅಮೀರಬಾಯಿಯ ಸೋದರಿ ಗೋಹರಬಾಯಿ ಮರಾಠಿ ರಂಗದ ಗಾಯಕ-ನಟ ಬಾಲಗಂಧರ್ವರ ನಾಟಕ ಮಂಡಳಿ ಸೇರಿದರು. ಗಂಡಸಾದ ಬಾಲಗಂಧರ್ವರೇ ಸ್ತ್ರೀ ಪಾತ್ರಗಳಲ್ಲಿ ಮೆರೆದ ರಂಗ ಅದು. ಅವರ ಹಾಡುಗಾರಿಕೆಯನ್ನು ಕಿವಿಯಲ್ಲಿ ತುಂಬಿಕೊಂಡ ಪ್ರೇಕ್ಷಕರ ಮುಂದೆ ಒಬ್ಬ ಹೆಣ್ಣುಮಗಳು ನಿಂತು ಹಾಡುವುದೆಂದರೆ ಎಂಥ ಎದೆಗಾರಿಕೆ!

ಇನ್ನು ಅಜ್ಜಿಯ ಮಾತು. ಅದನ್ನು ತಳ್ಳಿಹಾಕಬೇಡ. ನಮ್ಮ ಕಲಬುರಗಿಯಲ್ಲಿ ಶರಣಬಸವೇಶ್ವರ ಜಾತ್ರೆಗೆ ಬರುವ ಕಂಪನಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವಳು ನಾನು. ಸಿಟ್ಟಿನ ಮಾತನ್ನು ಗಂಟಲಿನಿಂದ ಕೂಗಿ, ಅದೇ ಉಸಿರಿನಲ್ಲಿ ತಾರ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ, ಹೋದವರ ದನಿ ಜಾತ್ರೆ ಮುಗಿಯುವ ಮೊದಲೇ ಒಡೆದದ್ದನ್ನು ಕಂಡಿದ್ದೇನೆ. ಕಂಠ ಕೆಡುವುದು ಅಭಿನಯದಿಂದಲ್ಲ, ಇಂಥ ಕೂಗಿನಿಂದ. ಹಾಗಾಗಿ ನಿರ್ದೇಶಕರ ಹತ್ತಿರ ಮೊದಲೇ ಮಾತನಾಡು. ಹಾಡಿನ ಶ್ರುತಿ ಮಗಳದೇ ಇರಲಿ. ಹಾರ್ಮೋನಿಯಂನ ನಾಲ್ಕನೆಯ ಕಪ್ಪು ಮನೆ, ಅಂದರೆ ಕರಿ ನಾಲ್ಕು, ಅವಳಿಗೆ ಹಿತವಾಗಿದ್ದರೆ ಕೇಳುವವರ ಖುಷಿಗಾಗಿ ಕರಿ ಐದಕ್ಕೆ ಏರಿಸುವುದು ಬೇಡ. ಅಳುವ ಅಥವಾ ಜಗಳದ ದೃಶ್ಯದ ಬೆನ್ನಿಗೇ ಹಾಡು ಇಟ್ಟಿದ್ದರೆ ನಡುವೆ ಬೇರೆಯವರಿಗೆ ನಾಲ್ಕು ಮಾತು ಕೊಡಲಿ, ಉಸಿರು ತಹಬಂದಿಗೆ ಬರಲಿ. ಬೆಳಗಿನ ಖರಜ ಸಾಧನೆಯನ್ನು, ಅಂದರೆ ಕೆಳಗಿನ ಸ್ವರಗಳ ಅಭ್ಯಾಸವನ್ನು, ತಾಲೀಮಿನ ದಿನಗಳಲ್ಲಿ ಬಿಡಲೇಬಾರದು. ಮೈಕ್ ಇದೆಯಲ್ಲ, ಮೆಲ್ಲಗೆ ಹೇಳಿದ ಮಾತೂ ಕೊನೆಯ ಸಾಲಿಗೆ ಮುಟ್ಟುತ್ತದೆ.

ಅಜ್ಜಿಯ ಮನಸ್ಸಿನಲ್ಲಿ ಇನ್ನೊಂದು ಭಯವೂ ಇರಬಹುದು. ರಂಗದ ಹೆಣ್ಣುಮಕ್ಕಳ ಹಾಡಿಗೆ ತಲೆದೂಗಿದ ಜನವೇ ಅವರ ಬಗ್ಗೆ ಹಗುರವಾಗಿ ಆಡಿಕೊಂಡದ್ದನ್ನು ಆಕೆಯ ತಲೆಮಾರು ಕೇಳಿದೆ. ತಾಲೀಮಿಗೆ ಆಕೆಯನ್ನೂ ಕರೆದುಕೊಂಡು ಹೋಗು, ಮುಂದಿನ ಸಾಲಿನಲ್ಲಿ ಕೂರಿಸು.

ಪ್ರಶ್ನೆ: ಎಂ.ಎಸ್. ಸುಬ್ಬುಲಕ್ಷ್ಮಿ ಸಿನಿಮಾದಲ್ಲಿ ಗಂಡು ಪಾತ್ರ ಮಾಡಿದ್ದರಂತೆ, ನಿಜವೇ?
— ಓದುಗರು, ಬೀದರ್

ಉತ್ತರ: ನಿಜ. 1941ರ ತಮಿಳಿನ ‘ಸಾವಿತ್ರಿ’ಯಲ್ಲಿ ಅವರದು ನಾರದನ ಪಾತ್ರ. ಬಂದ ಸಂಭಾವನೆ ಅವರ ಪತಿ ಸದಾಶಿವಂ ತೊಡಗಿಕೊಂಡಿದ್ದ ತಮಿಳಿನ ‘ಕಲ್ಕಿ’ ಪತ್ರಿಕೆಯನ್ನು ಆರಂಭಿಸಲು ನೆರವಾಯಿತು. 1945ರಲ್ಲಿ ತಮಿಳಿನಲ್ಲಿ ಬಂದ ‘ಮೀರಾ’ 1947ರಲ್ಲಿ ಹಿಂದಿಯಲ್ಲೂ ಬಂದಿತು. ಆಮೇಲೆ ಅವರು ನಟಿಸಲಿಲ್ಲ, ಕಛೇರಿಗಳಿಗೇ ತಮ್ಮನ್ನು ಕೊಟ್ಟುಕೊಂಡರು.