ಯಹೂದಿ ಶಾಲೆಯಲ್ಲಿ ತೋರಾ ಮತ್ತು ಹಬ್ಬಗಳು

ಪ್ರಶ್ನೆ: ನಮ್ಮ ನೆರೆಮನೆಯ ಮಗು ಯಹೂದಿ ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದೆ. ತೋರಾದಂಥ ಪ್ರಾಚೀನ ಧರ್ಮಗ್ರಂಥವನ್ನು ಅಷ್ಟು ಚಿಕ್ಕ ಮಕ್ಕಳ ದಿನಚರಿಗೆ ಹೇಗೆ ಹೊಂದಿಸುತ್ತಾರೆ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಐದು ಪುಸ್ತಕಗಳ ತೋರಾವನ್ನು 54 ಭಾಗಗಳಾಗಿ ವಿಂಗಡಿಸಿ, ಯಹೂದಿ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಲ್ಲಿ ವರ್ಷವಿಡೀ ವಾರವಾರ ಓದುವ ಸಂಪ್ರದಾಯವಿರುವುದರಿಂದ, ಶಾಲೆಯ ಪಾಠವೂ ಬಹುಮಟ್ಟಿಗೆ ಅದೇ ಕ್ರಮವನ್ನು ಅನುಸರಿಸುತ್ತದೆ. ಬಿಸಿಲಿನಲ್ಲಿ ಗುಡಾರದ ಬಾಗಿಲಲ್ಲಿ ಕುಳಿತಿದ್ದ, ಯಹೂದಿಗಳ ಮೂಲಪುರುಷ ಅಬ್ರಹಾಮನು ಅಪರಿಚಿತರಾದ ಮೂವರನ್ನು ಕಂಡೊಡನೆ ಓಡಿಹೋಗಿ ಸತ್ಕರಿಸಿದ ತೋರಾದ ಕಥೆಯನ್ನು ಹೇಳಿದ ಶಿಕ್ಷಕಿ, ತರಗತಿಗೆ ಹೊಸದಾಗಿ ಸೇರಿದ ಮಗುವಿನ ಪಕ್ಕದಲ್ಲಿ ಊಟಕ್ಕೆ ಯಾರು ಕುಳಿತುಕೊಳ್ಳುವಿರಿ ಎಂದು ಕೇಳಬಹುದು.

ಹಬ್ಬಗಳ ಕಾಲವೂ ಇದಕ್ಕೆ ಅನುಕೂಲವಾಗಿದೆ. ಅಮೆರಿಕದಲ್ಲಿ ಶಾಲಾ ವರ್ಷ ಆರಂಭವಾದ ಕೆಲವೇ ವಾರಗಳಲ್ಲಿ ರೋಷ್ ಹಶಾನಾ, ಅಂದರೆ ಯಹೂದಿ ಹೊಸವರ್ಷ, ಮತ್ತು ಅದರ ಬೆನ್ನಿಗೇ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ಬರುತ್ತವೆ. ಒಬ್ಬರು ಇನ್ನೊಬ್ಬರಿಗೆ ಮಾಡಿದ ತಪ್ಪನ್ನು, ನೊಂದವರನ್ನು ಸಮಾಧಾನಪಡಿಸುವವರೆಗೆ, ಯೋಮ್ ಕಿಪ್ಪುರ್ ಕೂಡ ಕಳೆಯದು ಎಂದು ಯಹೂದಿ ಧರ್ಮನಿಯಮಗಳ ಪ್ರಾಚೀನ ಸಂಗ್ರಹವಾದ ಮಿಷ್ನಾ ಹೇಳುತ್ತದೆ. ಪೆನ್ಸಿಲ್ ಕಿತ್ತುಕೊಂಡ, ಆಟಕ್ಕೆ ಸೇರಿಸಿಕೊಳ್ಳದ ಜಗಳಗಳಿಗೆ ಇದಕ್ಕಿಂತ ನೇರವಾಗಿ ಹೊಂದುವ ಬೋಧನೆ ಇರಲಾರದು. ಆದರೆ ಶಿಕ್ಷಕರ ಒತ್ತಾಯಕ್ಕೆ ಗೊಣಗಿದ ‘ಸಾರಿ’ಯಿಂದ ಈ ಉದ್ದೇಶ ಈಡೇರದು ಎಂಬುದು ನನ್ನ ಅಭಿಪ್ರಾಯ.

ಪ್ರಾಚೀನ ಪರ್ಷಿಯಾದಲ್ಲಿ ಯಹೂದಿಗಳು ನಾಶದಿಂದ ಪಾರಾದುದನ್ನು ನೆನೆಯುವ ಪೂರಿಮ್ ಹಬ್ಬದಲ್ಲಿ ತಿಂಡಿಯ ಪೊಟ್ಟಣಗಳನ್ನು ಹಂಚುತ್ತಾರೆ, ಬಡವರಿಗೆ ದಾನ ಕೊಡುತ್ತಾರೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯನ್ನು ನೆನೆಯುವ ಪಾಸೋವರ್ ಹಬ್ಬದ ಸೆದೆರ್ ಎಂಬ ವಿಧಿವತ್ತಾದ ರಾತ್ರಿ ಭೋಜನದಲ್ಲಿ ‘ಈ ರಾತ್ರಿ ಏಕೆ ಭಿನ್ನ?’ ಎಂಬ ಪ್ರಶ್ನೆಗಳನ್ನು ಸಾಮಾನ್ಯವಾಗಿ ಮನೆಯ ಅತಿ ಕಿರಿಯ ಮಗುವೇ ಹಾಡಬೇಕಾದುದರಿಂದ, ಅದರ ಅಭ್ಯಾಸವನ್ನು ಶಾಲೆಯಲ್ಲಿ ಮೊದಲೇ ಮಾಡಿಸುತ್ತಾರೆ.