ಬೆಕ್ ಯಾರು, ಆ ನೋಟ್‌ಬುಕ್ ಯಾಕೆ

ಕಲಬುರಗಿಯ ಕೌನ್ಸೆಲರ್ ತಮ್ಮನಿಗೆ ನೋಟ್‌ಬುಕ್ ಬರೆಯಲು ಹೇಳಿ ‘ಬೆಕ್ ಪದ್ಧತಿ’ ಅಂದರು, ಇದೂ ಒಂದು ಚಿಕಿತ್ಸೆನಾ ಅಂತ ಕೇಳಿದ್ದೀರಿ. ಹೌದು ಅಕ್ಕಾವ್ರೆ, ನಿಜವಾದ ಚಿಕಿತ್ಸೆಯೇ.

ಆರನ್ ಬೆಕ್ ಅಮೆರಿಕದ ಮನೋವೈದ್ಯರು. 1921ರಲ್ಲಿ ಹುಟ್ಟಿ ನೂರು ವರ್ಷ ಬಾಳಿದರು. ಕಲಿತದ್ದು ಫ್ರಾಯ್ಡ್ ದಾರಿ, ಅಂದರೆ ಮನಸ್ಸಿನ ಆಳದಲ್ಲಿ ಅಡಗಿದ್ದನ್ನು ಹುಡುಕುವ ಮನೋವಿಶ್ಲೇಷಣೆ. ಆದರೆ ಖಿನ್ನತೆ ಇದ್ದವರ ಮಾತು ಕೇಳುತ್ತಾ ಕೇಳುತ್ತಾ ಅವರಿಗೆ ಬೇರೆಯೇ ಕಂಡಿತು. ‘ನನ್ನಿಂದ ಏನೂ ಆಗಲ್ಲ’ ಅನ್ನುವ ಯೋಚನೆ ತಾನಾಗಿ ನುಗ್ಗುತ್ತದೆ, ನಾವು ಅದನ್ನು ಪ್ರಶ್ನಿಸದೆ ನಂಬಿಬಿಡುತ್ತೇವೆ. ನೋಟ್‌ಬುಕ್ ಇರುವುದು ಅದಕ್ಕೇ. ಸೂಪರ್ ಮಾರ್ಕೆಟ್ ಹತ್ತಿರ ಗೆಳೆಯ ಮಾತಾಡಿಸದೆ ಹೋದ ಅನ್ನಿ. ‘ನಾನು ಅವನಿಗೆ ಬೇಡವಾದೆ’ ಅಂತ ಬರೆದು, ಪಕ್ಕದಲ್ಲೇ ಅದಕ್ಕೆ ಪುರಾವೆ ಏನು, ಬೇರೆ ಕಾರಣ ಇರಬಹುದಾ ಅಂತಲೂ ಬರೆಯಬೇಕು. ಸುಮ್ನೆ ‘ಪಾಸಿಟಿವ್ ಆಗಿರು’ ಅನ್ನುವ ಉಪದೇಶ ಅಲ್ಲ ಇದು. ಖಿನ್ನತೆ ಜಾಸ್ತಿ ಇದ್ದರೆ ಮಾತ್ರೆಯೂ ಬೇಕಾಗಬಹುದು, ಮನೋವೈದ್ಯರಿಗೂ ಒಮ್ಮೆ ತೋರಿಸಿ.